ಕಲ್ಲು ಕದಲುವುದಿಲ್ಲ: ಶಾಸನದ ಚಿತ್ರಕ್ಕೆ ಸೆನ್ಸರ್ ಎಷ್ಟು ದೊಡ್ಡದಿರಬೇಕು?

ಶಾಸನಗಳ ಕ್ಷೇತ್ರಕಾರ್ಯಕ್ಕೆ ಹೊಸದಾಗಿ ಇಳಿಯುವ ಗೆಳೆಯರು ಲಿಪಿಯ ಬಗ್ಗೆ ಕೇಳುವುದಕ್ಕಿಂತ ಮೊದಲು ಕ್ಯಾಮೆರಾದ ಬಗ್ಗೆ ಕೇಳುತ್ತಾರೆ. "ಫುಲ್ ಫ್ರೇಮ್ ತಗೊಳ್ಲಾ, ಚಿಕ್ಕದು ಸಾಕಾ?" ಅನ್ನೋದು ಪ್ರಶ್ನೆ. ಲೆನ್ಸ್ ಬದಲಿಸಬಹುದಾದ ಸಣ್ಣ ಕ್ಯಾಮೆರಾಗಳಲ್ಲಿ ಈಗ ಹೆಬ್ಬೆರಳಿನ ಉಗುರಿನಷ್ಟು ಸೆನ್ಸರ್‌ನಿಂದ ಹಿಡಿದು 35 ಮಿ.ಮೀ. ಫಿಲ್ಮ್‌ನಷ್ಟು ದೊಡ್ಡ ಸೆನ್ಸರ್‌ವರೆಗೆ ಎಲ್ಲವೂ ಸಿಗುತ್ತವೆ. ಮದುವೆ ಫೋಟೋಗ್ರಾಫರ್‌ಗಳಿಗೂ ಹಕ್ಕಿ ಚಿತ್ರ ತೆಗೆಯುವವರಿಗೂ ಕೊಡುವ ಉತ್ತರ ನಮಗೆ ಹೊಂದುವುದಿಲ್ಲ. ನಮ್ಮ ವಸ್ತು ಬೇರೆ, ನಡಿಗೆ ಬೇರೆ, ಬಿಸಿಲೂ ಬೇರೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಇದನ್ನು ಲೆಕ್ಕ ಹಾಕಿ ನೋಡೋಣ.

ಯಾಕೆ ಈ ಎರಡು ತಾಲ್ಲೂಕು

ಬಿ. ಎಲ್. ರೈಸ್ ಅವರು 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರುಬಂಡೆ ಶಾಸನಗಳನ್ನು ಕಂಡುಹಿಡಿದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಹೋದ ಆಜ್ಞೆ ಅದು. ಒಂದೇ ಪಠ್ಯ ಹತ್ತಿರ ಹತ್ತಿರದ ಮೂರು ಬಂಡೆಗಳ ಮೇಲಿದೆ. ಮೂರರ ಕೊನೆಯಲ್ಲೂ ಬರೆದವನು ಚಪಡ ಎಂದಿದೆ. ಬ್ರಾಹ್ಮಿಯಲ್ಲಿ ಬರೆಯುತ್ತ ಬಂದ ಚಪಡ 'ಲಿಪಿಕರೇಣ' ಎಂಬ ಪದವನ್ನು ಮಾತ್ರ ವಾಯುವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ.

ಈ ಮೂರರಲ್ಲಿ ಬ್ರಹ್ಮಗಿರಿಯದು ಚೆನ್ನಾಗಿ ಉಳಿದಿದೆ, ಜಟಿಂಗ ರಾಮೇಶ್ವರದ್ದು ತುಂಬ ಸವೆದಿದೆ. ಜಟಿಂಗದ ಆ ಬಂಡೆಗೆ ಬಳೆಗಾರರ ಗುಂಡು ಎಂಬ ಹೆಸರು ರೈಸ್ ಕಾಲದಲ್ಲೇ ಇತ್ತು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹಾಕುತ್ತಿದ್ದ ಜಾಗ ಅದು. ಬ್ರಹ್ಮಗಿರಿಯ ಪಠ್ಯ ಪಕ್ಕದಲ್ಲಿ ಇಲ್ಲದೇ ಹೋಗಿದ್ದರೆ ಜಟಿಂಗದ ಎಷ್ಟೋ ಅಕ್ಷರಗಳನ್ನು ನಾವು ಓದಲಾಗುತ್ತಿರಲಿಲ್ಲ. ಒಂದು ಪ್ರತಿ ಸವೆದರೆ ಇನ್ನೊಂದು ಕೈಹಿಡಿಯುವ ಭಾಗ್ಯ ಅಶೋಕನ ಶಾಸನಕ್ಕಿದೆ. ಚಳ್ಳಕೆರೆಯ ಕಡೆ ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲಿಗೆ ಆ ಭಾಗ್ಯ ಇಲ್ಲ. ಅದಕ್ಕೆ ಇನ್ನೊಂದು ಪ್ರತಿ ಇಲ್ಲ.

ಮ್ಯಾಸಬೇಡರು, ಕಾಡುಗೊಲ್ಲರು ಆಕಳು ಕುರಿಗಳ ಜೊತೆ ಬದುಕಿದ ನಾಡಿದು. ತುರುಗಾಳಗದ ಕಲ್ಲುಗಳು ಇಲ್ಲಿ ಸಹಜ. ಇವುಗಳಲ್ಲಿ ಬರಹ ಇರುವಂಥವು ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟದಲ್ಲಿ ಸೇರಿವೆ. ಸೇರದೆ ಉಳಿದವೂ ಇವೆ. ಒಂದಕ್ಕೆ ಸುಣ್ಣ ಬಳಿದಿರುತ್ತಾರೆ, ಇನ್ನೊಂದಕ್ಕೆ ಎಣ್ಣೆ ಹಚ್ಚಿ ಹಚ್ಚಿ ಅಕ್ಷರ ಹೂತಿರುತ್ತದೆ, ಮತ್ತೊಂದನ್ನು ಗುಡಿ ಜೀರ್ಣೋದ್ಧಾರದ ಹೊತ್ತಿಗೆ ಗಾರೆಯಲ್ಲಿ ಸೇರಿಸಿರುತ್ತಾರೆ. ರಸ್ತೆ ಅಗಲವಾದಾಗ ಎಲ್ಲಿಗೋ ಹೋದ ಕಲ್ಲುಗಳೂ ಇವೆ. ಇಂಥ ಕಲ್ಲಿನ ಮುಂದೆ ನಾವು ನಿಂತ ಆ ಅರ್ಧ ಗಂಟೆಯಲ್ಲಿ ತೆಗೆದ ಚಿತ್ರವೇ ಮುಂದೆ ಅದರ ಏಕೈಕ ದಾಖಲೆ ಆಗಬಹುದು. ಕ್ಯಾಮೆರಾದ ಪ್ರಶ್ನೆ ಶೋಕಿಯದಲ್ಲ ಅಂತ ನಾನು ಹೇಳೋದು ಅದಕ್ಕೇ.

ಸೆನ್ಸರ್ ಅಳತೆಗಳು

ಮೊದಲು ಅಂಕಿಗಳು. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ., ಅಂದರೆ 864 ಚದರ ಮಿ.ಮೀ. ಎಪಿಎಸ್-ಸಿ ಸುಮಾರು 23.5×15.6 ಮಿ.ಮೀ., ಸುಮಾರು 367 ಚ.ಮಿ.ಮೀ. ಮೈಕ್ರೋ ಫೋರ್ ಥರ್ಡ್ಸ್ 17.3×13 ಮಿ.ಮೀ., ಸುಮಾರು 225 ಚ.ಮಿ.ಮೀ. '1 ಇಂಚಿನ' ಸೆನ್ಸರ್ ಎಂದು ಕರೆಯುವುದು 13.2×8.8 ಮಿ.ಮೀ., ಸುಮಾರು 116 ಚ.ಮಿ.ಮೀ. ಹೆಸರಿನಲ್ಲಿ ಇಂಚು ಇದ್ದರೂ ಅದರ ಯಾವ ಬದಿಯೂ ಒಂದು ಇಂಚಿಲ್ಲ. ಹಳೆಯ ವಿಡಿಯೋ ಟ್ಯೂಬುಗಳ ಹೊರವ್ಯಾಸದಿಂದ ಬಂದ ಹೆಸರು ಅದು.

ಒಟ್ಟಾರೆ ಫುಲ್ ಫ್ರೇಮ್ ಸೆನ್ಸರ್ ಮೈಕ್ರೋ ಫೋರ್ ಥರ್ಡ್ಸ್‌ಗಿಂತ ಹತ್ತಿರ ಹತ್ತಿರ ನಾಲ್ಕು ಪಟ್ಟು ದೊಡ್ಡದು. ಎಪಿಎಸ್-ಸಿಗಿಂತ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು. ದೊಡ್ಡ ಬಾನಿಯಲ್ಲಿ ಮಳೆನೀರು ಹೆಚ್ಚು ತುಂಬುವ ಹಾಗೆ ದೊಡ್ಡ ಸೆನ್ಸರ್‌ನಲ್ಲಿ ಬೆಳಕು ಹೆಚ್ಚು ತುಂಬುತ್ತದೆ. ಬೆಳಕು ಹೆಚ್ಚಿದ್ದರೆ ಚಿತ್ರದಲ್ಲಿ ಮರಳು ಎರಚಿದಂತೆ ಕಾಣುವ ಗೊಜಲು ಕಡಿಮೆ.

ಬಾಡಿ ಕುಗ್ಗಿತು, ಲೆನ್ಸ್ ಕುಗ್ಗಲಿಲ್ಲ

2008ರಲ್ಲಿ ಒಲಿಂಪಸ್ ಮತ್ತು ಪ್ಯಾನಾಸೋನಿಕ್ ಸೇರಿ ಮೈಕ್ರೋ ಫೋರ್ ಥರ್ಡ್ಸ್ ಪದ್ಧತಿ ತಂದವು. ಕ್ಯಾಮೆರಾದೊಳಗಿನ ಕನ್ನಡಿ ತೆಗೆದುಹಾಕಿದ್ದೇ ಮುಖ್ಯ ಬದಲಾವಣೆ. ಕನ್ನಡಿ ಇದ್ದಾಗ ಲೆನ್ಸ್ ಕೂರುವ ಬಳೆಗೂ ಸೆನ್ಸರ್‌ಗೂ ನಡುವೆ ಸಾಕಷ್ಟು ಜಾಗ ಬೇಕಿತ್ತು. ನಿಕಾನ್‌ನ ಹಳೆಯ ಪದ್ಧತಿಯಲ್ಲಿ ಅದು 46.5 ಮಿ.ಮೀ., ಕ್ಯಾನನ್‌ನಲ್ಲಿ 44 ಮಿ.ಮೀ. ಕನ್ನಡಿ ಹೋದ ಮೇಲೆ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಸುಮಾರು 20 ಮಿ.ಮೀ.ಗೂ, 2010ರ ಸೋನಿ ನೆಕ್ಸ್ ಸರಣಿಯಲ್ಲಿ 18 ಮಿ.ಮೀ.ಗೂ ಇಳಿಯಿತು. ಬಾಡಿ ತೆಳ್ಳಗಾಯಿತು. 2013ರ ಪ್ಯಾನಾಸೋನಿಕ್ ಜಿಎಂ1 ಬ್ಯಾಟರಿ ಸೇರಿ 204 ಗ್ರಾಂ ಇತ್ತು. ಅದೇ ವರ್ಷ ಸೋನಿ ಎ7 ಬಂದು ಫುಲ್ ಫ್ರೇಮ್ ಕೂಡ ಅರ್ಧ ಕಿಲೋ ಆಸುಪಾಸಿಗೆ ಬಂತು.

ಲೆನ್ಸ್‌ನ ಕಥೆ ಬೇರೆ. ಲೆನ್ಸ್ ಮೂಡಿಸುವ ಬಿಂಬದ ವೃತ್ತ ಸೆನ್ಸರ್‌ನ ಮೂಲೆಯಿಂದ ಮೂಲೆಗೆ ಮುಚ್ಚಬೇಕು. ಫುಲ್ ಫ್ರೇಮ್‌ಗೆ ಆ ಕರ್ಣ 43.3 ಮಿ.ಮೀ., ಎಪಿಎಸ್-ಸಿಗೆ ಸುಮಾರು 28, ಮೈಕ್ರೋ ಫೋರ್ ಥರ್ಡ್ಸ್‌ಗೆ 21.6. ಕನ್ನಡಿ ತೆಗೆದರೂ ಈ ಲೆಕ್ಕ ಬದಲಾಗುವುದಿಲ್ಲ. ನೆಕ್ಸ್-5 ಬಂದಾಗ ನೋಡಿದವರಿಗೆ ನೆನಪಿರಬಹುದು: ಬಾಡಿ ಅಂಗೈಯಲ್ಲಿ ಕೂರುತ್ತಿತ್ತು, 18-55 ಲೆನ್ಸ್ ಮಾತ್ರ ತಂಬಿಗೆ ಕಟ್ಟಿದ ಹಾಗೆ ಮುಂದಕ್ಕೆ ಚಾಚಿತ್ತು. ಅಂಗಡಿಯಲ್ಲಿ ಬಾಡಿಯನ್ನು ಮಾತ್ರ ಕೈಯಲ್ಲಿ ಹಿಡಿದು "ಹಗುರ ಇದೆ" ಎಂದು ತೀರ್ಮಾನಿಸಬಾರದು. ಚೀಲವನ್ನು ತೂಗಬೇಕು.

ಚೀಲದ ತೂಕ

ತೂಗೇ ನೋಡೋಣ. ಶಾಸನಕ್ಕೆ ನಮಗೆ ಬೇಕಾದ್ದು ಒಂದು ಸಾಧಾರಣ ಜೂಮ್, ಒಂದು ಮ್ಯಾಕ್ರೋ. ಮ್ಯಾಕ್ರೋ ಲೆನ್ಸ್ ಅಕ್ಷರದ ಹತ್ತಿರದ ಚಿತ್ರಕ್ಕೆ ಮಾತ್ರ ಅಲ್ಲ, ಗೆರೆ ಬಾಗಿಸದೆ ಸಮತಟ್ಟು ವಸ್ತುವನ್ನು ಅಂಚಿನವರೆಗೂ ಸ್ಪಷ್ಟವಾಗಿ ಕೊಡುತ್ತದೆ ಎಂಬುದಕ್ಕೂ ಬೇಕು.

ಫುಲ್ ಫ್ರೇಮ್‌ನಲ್ಲಿ ಸೋನಿ ಎ7ಸಿ 509 ಗ್ರಾಂ, 24-105 ಎಫ್/4 ಜೂಮ್ 663, 90 ಮಿ.ಮೀ. ಮ್ಯಾಕ್ರೋ 602. ಒಟ್ಟು 1774 ಗ್ರಾಂ. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಒಲಿಂಪಸ್ ಇ-ಎಂ10 ಮಾರ್ಕ್ 4 ಕ್ಯಾಮೆರಾ 383, 12-45 ಎಫ್/4 ಜೂಮ್ 254, 60 ಮಿ.ಮೀ. ಮ್ಯಾಕ್ರೋ 185. ಒಟ್ಟು 822 ಗ್ರಾಂ. ವ್ಯತ್ಯಾಸ 950 ಗ್ರಾಂ ಚಿಲ್ಲರೆ. ಹತ್ತಿರ ಹತ್ತಿರ ಒಂದು ಲೀಟರ್ ನೀರು.

ಈ ಹೋಲಿಕೆ ಸುಮ್ಮನೆ ಹೇಳಿದ್ದಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಿವು. ಜಟಿಂಗ ರಾಮೇಶ್ವರದ ಬೆಟ್ಟ ಹತ್ತುವಾಗ ಆ ಒಂದು ಲೀಟರ್ ನೀರು ಚೀಲದಲ್ಲಿದೆಯೋ ಇಲ್ಲವೋ ಅನ್ನೋದರ ಮೇಲೆ ಮೇಲೆ ಎಷ್ಟು ಹೊತ್ತು ಕೆಲಸ ಮಾಡ್ತೀರಿ ಅನ್ನೋದು ನಿಂತಿರುತ್ತದೆ.

ಆದರೆ ನ್ಯಾಯವಾಗಿ ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಅದೇ ಎ7ಸಿಗೆ 28-60 ಎಂಬ ಪುಟ್ಟ ಜೂಮ್ (167 ಗ್ರಾಂ), 50 ಮಿ.ಮೀ. ಮ್ಯಾಕ್ರೋ (236 ಗ್ರಾಂ) ಹಾಕಿದರೆ ಒಟ್ಟು 912 ಗ್ರಾಂ. ಒಲಿಂಪಸ್‌ಗೆ 14-42 ಮಡಚುವ ಜೂಮ್ (93), 30 ಮಿ.ಮೀ. ಮ್ಯಾಕ್ರೋ (128) ಹಾಕಿದರೆ 604. ಎಪಿಎಸ್-ಸಿಯ ಸೋನಿ ಎ6400 (403), 16-50 (116), 30 ಮಿ.ಮೀ. ಮ್ಯಾಕ್ರೋ (138) ಸೇರಿ 657. ಇಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ವ್ಯತ್ಯಾಸ ಬರೀ 300 ಗ್ರಾಂ. ಹಾಗಾಗಿ 'ಫುಲ್ ಫ್ರೇಮ್ ಎಂದರೆ ಭಾರ' ಎಂಬ ಮಾತು ಪೂರ್ತಿ ನಿಜವಲ್ಲ. ಫುಲ್ ಫ್ರೇಮ್‌ನ ಒಳ್ಳೆಯ ಲೆನ್ಸುಗಳು ಭಾರ ಅಂದರೆ ಸರಿ. ಲೆನ್ಸ್ ಭಾರವಾದಂತೆ ಟ್ರೈಪಾಡ್ ಕೂಡ ಗಟ್ಟಿ ಬೇಕಾಗುತ್ತದೆ, ಆ ತೂಕ ಬೇರೆ.

ಕಲ್ಲು ಓಡಿಹೋಗುವುದಿಲ್ಲ

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ದೊಡ್ಡ ಸೆನ್ಸರ್ ಕೊಡುವ ಲಾಭ ಒಂದು ಕ್ಷಣದಲ್ಲಿ ಹೆಚ್ಚು ಬೆಳಕು. ಓಡುವ ಮಗುವಿಗೆ, ಹಾರುವ ಹಕ್ಕಿಗೆ ಆ ಒಂದು ಕ್ಷಣ ಬಿಟ್ಟರೆ ಇನ್ನೊಂದಿಲ್ಲ. ಶಾಸನದ ಕಲ್ಲು ನೂರಾರು ವರ್ಷದಿಂದ ಅಲ್ಲೇ ಇದೆ, ಇನ್ನೂ ಹತ್ತು ಸೆಕೆಂಡ್ ಇರುತ್ತದೆ. ಬೆಳಕನ್ನು ನಾವು ಜಾಗದಲ್ಲಿ ಕೂಡಿಸುವ ಬದಲು ಕಾಲದಲ್ಲಿ ಕೂಡಿಸಬಹುದು.

ಕೂಡಿಸುವುದು ಹೀಗೆ. ಕ್ಯಾಮೆರಾ ಟ್ರೈಪಾಡ್ ಮೇಲಿಟ್ಟು ಒಂದೇ ಎಕ್ಸ್‌ಪೋಶರ್‌ನಲ್ಲಿ ನಾಲ್ಕು ಚಿತ್ರ ತೆಗೆಯಿರಿ. ಕಂಪ್ಯೂಟರಿನಲ್ಲಿ ನಾಲ್ಕನ್ನೂ ಒಂದರ ಮೇಲೊಂದಿಟ್ಟು ಸರಾಸರಿ ತೆಗೆಯಿರಿ. ಅಕ್ಷರ ನಾಲ್ಕರಲ್ಲೂ ಅದೇ ಜಾಗದಲ್ಲಿರುತ್ತದೆ, ಗೊಜಲು ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಕಡೆ ಬಿದ್ದಿರುತ್ತದೆ. ಸರಾಸರಿಯಲ್ಲಿ ಅಕ್ಷರ ಉಳಿಯುತ್ತದೆ, ಗೊಜಲು ಅರ್ಧಕ್ಕಿಳಿಯುತ್ತದೆ. ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು ಇಳಿಕೆ ಎಂಬುದು ನಿಯಮ. ನಾಲ್ಕು ಚಿತ್ರದ ಸರಾಸರಿ ಅಂದರೆ ನಾಲ್ಕು ಪಟ್ಟು ದೊಡ್ಡ ಸೆನ್ಸರ್‌ನ ಒಂದು ಚಿತ್ರ. ಮೈಕ್ರೋ ಫೋರ್ ಥರ್ಡ್ಸ್‌ಗೂ ಫುಲ್ ಫ್ರೇಮ್‌ಗೂ ಇರುವ ಅಂತರ ಅಷ್ಟೇ ಅಲ್ವಾ?

ಅಷ್ಟರಲ್ಲಿ ಬಿಸಿಲು ಜರುಗುವುದಿಲ್ಲವೇ ಎಂದು ಕೇಳಬಹುದು. ಸೂರ್ಯ ಗಂಟೆಗೆ 15 ಡಿಗ್ರಿ ಚಲಿಸುತ್ತಾನೆ, ಅಂದರೆ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ನಾಲ್ಕು ಚಿತ್ರಕ್ಕೆ ಹತ್ತು ಸೆಕೆಂಡೂ ಬೇಡ. ಅಷ್ಟರಲ್ಲಿ ನೆರಳಿನ ಅಂಚು ಕಣ್ಣಿಗೆ ಕಾಣುವಷ್ಟು ಸರಿಯುವುದಿಲ್ಲ.

ಪಿಕ್ಸೆಲ್ ಲೆಕ್ಕ

ಇನ್ನೊಂದು ನಂಬಿಕೆ, ದೊಡ್ಡ ಸೆನ್ಸರ್‌ನಲ್ಲಿ ಅಕ್ಷರ ಹೆಚ್ಚು ಸ್ಪಷ್ಟ ಅಂತ. 4 ಮೀಟರ್ ಅಗಲದ ಬಂಡೆಯ ಮುಖ ಒಂದೇ ಚಿತ್ರದಲ್ಲಿ ಹಿಡಿದಿರಿ ಎಂದುಕೊಳ್ಳಿ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್‌ನಲ್ಲಿ ಅಡ್ಡಕ್ಕೆ 6000 ಪಿಕ್ಸೆಲ್, ಮಿಲಿಮೀಟರಿಗೆ ಒಂದೂವರೆ. 20 ಮೆಗಾಪಿಕ್ಸೆಲ್‌ನ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 5184 ಪಿಕ್ಸೆಲ್, ಮಿಲಿಮೀಟರಿಗೆ 1.3. 5 ಮಿ.ಮೀ. ಅಗಲದ ಗೀರು ಒಂದರಲ್ಲಿ ಏಳೂವರೆ ಪಿಕ್ಸೆಲ್, ಇನ್ನೊಂದರಲ್ಲಿ ಆರೂವರೆ. ಓದುವವನಿಗೆ ಈ ವ್ಯತ್ಯಾಸ ಏನೂ ಅಲ್ಲ.

ವ್ಯತ್ಯಾಸ ಬರುವುದು ಹತ್ತಿರ ಹೋದಾಗ. ಅದೇ ಮುಖವನ್ನು ಮೀಟರ್ ಮೀಟರ್‌ನ ಭಾಗಗಳಾಗಿ, ಒಂದಕ್ಕೊಂದು ಮೂರನೇ ಒಂದು ಭಾಗ ಮೇಲೆ ಬರುವಂತೆ ತೆಗೆದರೆ ಚಿಕ್ಕ ಸೆನ್ಸರ್‌ನಲ್ಲೂ ಮಿಲಿಮೀಟರಿಗೆ ಐದು ಪಿಕ್ಸೆಲ್ ಸಿಗುತ್ತವೆ. ಯಾವ ದೊಡ್ಡ ಸೆನ್ಸರ್‌ನ ಒಂಟಿ ಚಿತ್ರವೂ ಇದಕ್ಕೆ ಸಮ ಬರುವುದಿಲ್ಲ. 61 ಮೆಗಾಪಿಕ್ಸೆಲ್‌ನ ಸೋನಿ ಎ7ಸಿಆರ್‌ನ 9504 ಪಿಕ್ಸೆಲ್‌ಗಳನ್ನು 4 ಮೀಟರಿಗೆ ಹಂಚಿದರೂ ಮಿಲಿಮೀಟರಿಗೆ 2.4 ಮಾತ್ರ. ಭಾಗ ಭಾಗವಾಗಿ ತೆಗೆದ ಚಿತ್ರಗಳೇ ಆಮೇಲೆ 3ಡಿ ಮಾದರಿಗೂ ಒದಗುತ್ತವೆ.

ಆಳದ ಸ್ಪಷ್ಟತೆ

ಬಂಡೆ ಗೋಡೆಯಂತೆ ಸಪಾಟಾಗಿರುವುದಿಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು. ಎಲ್ಲ ಅಕ್ಷರವೂ ಸ್ಪಷ್ಟ ಬರಬೇಕಾದರೆ ಲೆನ್ಸ್‌ನ ಕಂಡಿ ಕಿರಿದು ಮಾಡಬೇಕು. ಒಂದೇ ಚೌಕಟ್ಟನ್ನು ಒಂದೇ ದೂರದಿಂದ ತೆಗೆಯುವಾಗ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಎಫ್/5.6 ಕೊಡುವ ಆಳವನ್ನು ಫುಲ್ ಫ್ರೇಮ್‌ನಲ್ಲಿ ಪಡೆಯಲು ಎಫ್/11ಕ್ಕೆ ಹೋಗಬೇಕು. ಎಫ್/11 ಒಳಗೆ ಬಿಡುವ ಬೆಳಕು ಎಫ್/5.6ರ ಕಾಲು ಭಾಗ. ಅಂದರೆ ಸೆನ್ಸರ್ ನಾಲ್ಕು ಪಟ್ಟು ದೊಡ್ಡದಿದ್ದು ಗಳಿಸಿದ್ದನ್ನು ಕಂಡಿ ಕಿರಿದು ಮಾಡಿ ಕಳೆದುಕೊಂಡ ಹಾಗಾಯಿತು. ಶಟರ್ ವೇಗ ಅದೇ ಇದ್ದರೆ ಎರಡೂ ಸೆನ್ಸರ್‌ಗೆ ಬಿದ್ದ ಒಟ್ಟು ಬೆಳಕು ಒಂದೇ.

ಕಂಡಿ ತೀರಾ ಕಿರಿದಾದರೆ ಬೆಳಕು ಅಂಚಿನಲ್ಲಿ ಬಾಗಿ ಚಿತ್ರ ಮಸುಕಾಗುತ್ತದೆ. ಆ ಮಸುಕಿನ ಚುಕ್ಕೆ ಎಫ್/5.6ರಲ್ಲಿ ಸುಮಾರು 7.5 ಮೈಕ್ರಾನ್, ಎಫ್/11ರಲ್ಲಿ ಸುಮಾರು 15. ಮೇಲೆ ಹೇಳಿದ ಎರಡು ಸೆನ್ಸರ್‌ಗಳ ಪಿಕ್ಸೆಲ್ ಕ್ರಮವಾಗಿ 3.3 ಮತ್ತು 6 ಮೈಕ್ರಾನ್. ಎರಡರಲ್ಲೂ ಚುಕ್ಕೆ ಎರಡೂಕಾಲು-ಎರಡೂವರೆ ಪಿಕ್ಸೆಲ್ ಅಗಲ. ಇಲ್ಲೂ ಸಮ. ಚಿಕ್ಕದರಲ್ಲಿ ಎಫ್/8, ದೊಡ್ಡದರಲ್ಲಿ ಎಫ್/16 ದಾಟಬೇಡಿ, ಸಾಕು.

ಓದಿಸುವುದು ಬೆಳಕು

ಇಷ್ಟೆಲ್ಲ ಲೆಕ್ಕದ ನಂತರವೂ ಸವೆದ ಅಕ್ಷರವನ್ನು ಓದಿಸುವುದು ಸೆನ್ಸರ್ ಅಲ್ಲ, ಓರೆ ಬೆಳಕು. 1 ಮಿ.ಮೀ. ಎತ್ತರದ ಅಂಚು 45 ಡಿಗ್ರಿ ಬೆಳಕಿನಲ್ಲಿ 1 ಮಿ.ಮೀ. ನೆರಳು ಬೀಳಿಸುತ್ತದೆ. 20 ಡಿಗ್ರಿಯಲ್ಲಿ 2.7 ಮಿ.ಮೀ., 10 ಡಿಗ್ರಿಯಲ್ಲಿ 5.7 ಮಿ.ಮೀ. ಬೆಳಕು ಮಲಗಿದಷ್ಟೂ ಅಕ್ಷರ ಏಳುತ್ತದೆ.

ನಮ್ಮ ಅಕ್ಷಾಂಶದಲ್ಲಿ ಬೆಳಗ್ಗೆ ಸೂರ್ಯ ಗಂಟೆಗೆ ಸುಮಾರು 14 ಡಿಗ್ರಿ ಮೇಲೇರುತ್ತಾನೆ. ನೆಲಕ್ಕೆ ಸಮನಾದ ಬಂಡೆಯ ಮೇಲೆ 5ರಿಂದ 20 ಡಿಗ್ರಿಯ ಒಳ್ಳೆಯ ಬೆಳಕು ಸಿಗುವುದು ಹೊತ್ತು ಹುಟ್ಟಿದ ಮೇಲೆ ಒಂದು ಗಂಟೆ, ಮುಳುಗುವ ಮುಂಚೆ ಒಂದು ಗಂಟೆ. ನೆಟ್ಟಗೆ ನಿಂತ ವೀರಗಲ್ಲಿನ ಲೆಕ್ಕ ತಿರುವುಮುರುವು. ಪೂರ್ವಕ್ಕೆ ಮುಖ ಮಾಡಿದ ಕಲ್ಲಿಗೆ ಬೆಳಗಿನ ಬಿಸಿಲು ನೇರ ಮುಖಕ್ಕೆ ಹೊಡೆದು ಅಕ್ಷರವನ್ನು ಅಳಿಸಿಬಿಡುತ್ತದೆ. ಅದಕ್ಕೆ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು, ಬಿಸಿಲು ನೆತ್ತಿಯಿಂದ ಕಲ್ಲಿನ ಮುಖವನ್ನು ಸವರಿಕೊಂಡು ಇಳಿಯುವ ಹೊತ್ತೇ ಸರಿ. ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ಎರಡನೇ ವಾರದಲ್ಲೂ ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆ ಬರುತ್ತಾನೆ. ಪಶ್ಚಿಮದ ಮುಖಕ್ಕೆ ಮಧ್ಯಾಹ್ನ ಕಳೆದ ಕೂಡಲೇ.

ಹಗುರ ಚೀಲದ ನಿಜವಾದ ಬೆಲೆ ಇಲ್ಲಿ ಗೊತ್ತಾಗುತ್ತದೆ. ಒಳ್ಳೆ ಬೆಳಕಿನ ಆ ಒಂದು ಗಂಟೆಯಲ್ಲಿ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಓಡಿ ಟ್ರೈಪಾಡ್ ನಿಲ್ಲಿಸಬೇಕು. ಅದೇ ಕಾಲದಲ್ಲಿ ಎರಡು ಕಲ್ಲು ಆಗುತ್ತದೋ ನಾಲ್ಕು ಆಗುತ್ತದೋ ಅನ್ನೋದು ಹೊರೆಯ ಮೇಲಿದೆ. ಬೆಳಕು ಸಿಗದ ಕಡೆ ಕೈಯಲ್ಲೊಂದು ಟಾರ್ಚ್ ಇರಲಿ. ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಹೆಚ್‌ಪಿ ಪ್ರಯೋಗಾಲಯದಲ್ಲಿ ರೂಪಿಸಿ 2001ರಲ್ಲಿ ಪ್ರಕಟಿಸಿದ ಪದ್ಧತಿಯಿಂದ ಬೆಳೆದ ಆರ್‌ಟಿಐ ತಂತ್ರದಲ್ಲೂ ಇಷ್ಟೇ: ಕ್ಯಾಮೆರಾ ಕದಲದೆ ನಿಲ್ಲುತ್ತದೆ, ದೀಪ ಸುತ್ತಲೂ ಹಲವು ಕೋನಗಳಿಗೆ ಸರಿಯುತ್ತದೆ, ಪಕ್ಕದಲ್ಲಿಟ್ಟ ಹೊಳೆಯುವ ಗುಂಡಿನ ಮೇಲಿನ ಬೆಳಕಿನ ಚುಕ್ಕೆಯಿಂದ ಸಾಫ್ಟ್‌ವೇರ್ ದೀಪದ ದಿಕ್ಕು ತಿಳಿಯುತ್ತದೆ. ಇದಕ್ಕೂ ದೊಡ್ಡ ಸೆನ್ಸರ್ ಬೇಡ, ಅಲುಗಾಡದ ಟ್ರೈಪಾಡ್ ಬೇಕು.

ದೊಡ್ಡದು ಗೆಲ್ಲುವ ಜಾಗಗಳು

ಹಾಗಾದರೆ ದೊಡ್ಡ ಸೆನ್ಸರ್ ದಂಡವೇ? ಅಲ್ಲ. ಟ್ರೈಪಾಡ್ ಇಡಲಾಗದ ಕಡೆ ಅದೇ ಗೆಲ್ಲುತ್ತದೆ. ಗುಡಿಯ ಕತ್ತಲ ಗರ್ಭಗೃಹದ ಬಾಗಿಲ ಪಕ್ಕದ ಕಂಬ, ಪೂಜೆಯ ಮಧ್ಯೆ ಎರಡು ನಿಮಿಷ ಬಿಟ್ಟುಕೊಟ್ಟ ಜಾಗ, ತೊಲೆಯ ಅಡಿಯಲ್ಲಿ ಕುತ್ತಿಗೆ ಎತ್ತಿ ತೆಗೆಯಬೇಕಾದ ಸಾಲು. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಪುರಾತತ್ತ್ವ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ಅನುಮತಿ ಇಲ್ಲದ ದಿನ ಕೈಯಲ್ಲೇ ಹಿಡಿದು ತೆಗೆಯಬೇಕು. ಆಗ ಬಾಡಿಯೊಳಗಿನ ಅಲುಗಾಟ ತಡೆಯುವ ವ್ಯವಸ್ಥೆಯೂ ಸೆನ್ಸರ್‌ನಷ್ಟೇ ಮುಖ್ಯ. ಮೇಲಿನ ಪಟ್ಟಿಯಲ್ಲಿ ಎ7ಸಿ, ಇ-ಎಂ10 ಎರಡರಲ್ಲೂ ಅದಿದೆ, ಎ6400ರ ಬಾಡಿಯಲ್ಲಿ ಇಲ್ಲ.

ಓರೆ ಬೆಳಕಿನಲ್ಲಿ ಗೀರಿನ ಒಳಗೆ ಕಡುಗಪ್ಪು, ಪಕ್ಕದಲ್ಲೇ ಅಭ್ರಕದ ಹೊಳಪು. ಇವೆರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯುವ ಶಕ್ತಿ ದೊಡ್ಡ ಸೆನ್ಸರ್‌ಗೆ ಹೆಚ್ಚು. ಚಿಕ್ಕದರಲ್ಲಿ ಕಪ್ಪಿಗೊಂದು, ಬಿಳುಪಿಗೊಂದು ಎಂದು ಬೇರೆ ಬೇರೆ ಎಕ್ಸ್‌ಪೋಶರ್ ತೆಗೆದುಕೊಳ್ಳಬೇಕಾಗುತ್ತದೆ.

ಪಟ್ಟಿಯಲ್ಲಿ ಬರೆಯದ ಸಂಗತಿಗಳು

ಕೊಳ್ಳುವಾಗ ಯಾರೂ ಹೇಳದ ಮೂರ್ನಾಲ್ಕು ವಿಷಯಗಳಿವೆ.

ಮೊದಲನೆಯದು ಕಣ್ಣಿಟ್ಟು ನೋಡುವ ಕಿಂಡಿ. ತೀರಾ ಚಿಕ್ಕ ಬಾಡಿಗಳಲ್ಲಿ ಮೊದಲು ತೆಗೆಯುವುದು ಅದನ್ನೇ. ಜಿಎಂ1ರಲ್ಲಿ ಇರಲಿಲ್ಲ, 2024ರ ಫುಲ್ ಫ್ರೇಮ್ ಪ್ಯಾನಾಸೋನಿಕ್ ಎಸ್9ರಲ್ಲೂ ಇಲ್ಲ. ಚಳ್ಳಕೆರೆಯ ಹನ್ನೊಂದು ಗಂಟೆ ಬಿಸಿಲಲ್ಲಿ ಹಿಂದಿನ ಪರದೆಯಲ್ಲಿ ಕಾಣುವುದು ನಿಮ್ಮ ಮುಖ ಮಾತ್ರ. ಫೋಕಸ್ ಬಿತ್ತೋ ಇಲ್ಲವೋ ನೋಡಲು ತಲೆಮೇಲೆ ಟವಲ್ ಹೊದ್ದುಕೊಳ್ಳಬೇಕು.

ಎರಡನೆಯದು ಬ್ಯಾಟರಿ. ಪುಟ್ಟ ಬಾಡಿಗೆ ಪುಟ್ಟ ಬ್ಯಾಟರಿ. ತಯಾರಕರ ಅಳತೆಯಲ್ಲೇ ಜಿಎಂ1ಕ್ಕೆ 230 ಚಿತ್ರ, ಎ7ಸಿಗೆ 740. 3ಡಿ ಮಾದರಿಗೆ ಒಂದು ಕಲ್ಲಿಗೆ ನೂರು ನೂರೈವತ್ತು ಚಿತ್ರ ಬೇಕಾದರೆ ಎರಡನೇ ಕಲ್ಲಿಗೇ ಬ್ಯಾಟರಿ ಬದಲಿಸಬೇಕು. ಉಳಿಸಿದ ತೂಕ ಹೀಗೆ ವಾಪಸ್ ಬರುತ್ತದೆ.

ಮೂರನೆಯದು ಮಡಚುವ ಜೂಮ್. ಕ್ಯಾಮೆರಾ ಆಫ್ ಆದ ಕೂಡಲೇ ಒಳಗೆ ಸರಿದು, ಮತ್ತೆ ಆನ್ ಆದಾಗ ಬೇರೆ ಅಳತೆಯಲ್ಲಿ ನಿಲ್ಲಬಹುದು. ಒಂದೇ ಕಲ್ಲಿನ ಚಿತ್ರಗಳಲ್ಲಿ ಲೆನ್ಸ್‌ನ ಅಳತೆ ಬದಲಾದರೆ 3ಡಿ ಲೆಕ್ಕ ಕೆಡುತ್ತದೆ. ಈ ಕೆಲಸಕ್ಕೆ ಜೂಮ್ ಇಲ್ಲದ ಲೆನ್ಸ್ ವಾಸಿ.

ನಾಲ್ಕನೆಯದು ಧೂಳು, ನಮ್ಮ ಮಟ್ಟಿಗೆ ಇದೇ ಅತಿ ಮುಖ್ಯ. ಬಯಲಿನ ಗಾಳಿಯಲ್ಲಿ ಲೆನ್ಸ್ ಬದಲಿಸಿದರೆ ಸೆನ್ಸರ್ ಮೇಲೆ ಕಣ ಕೂರುತ್ತದೆ. ಕಂಡಿ ಕಿರಿದಾದಷ್ಟೂ ಅದು ಚಿತ್ರದಲ್ಲಿ ದುಂಡನೆಯ ಚುಕ್ಕೆಯಾಗಿ ಕಾಣುತ್ತದೆ. ಹಕ್ಕಿ ಚಿತ್ರದಲ್ಲಿ ಚುಕ್ಕೆ ಬರೀ ಚುಕ್ಕೆ. ಬ್ರಾಹ್ಮಿಯಲ್ಲಿ ಅಕ್ಷರದ ಪಕ್ಕದ ಚುಕ್ಕೆ ಅನುಸ್ವಾರ! ಕಲ್ಲಿನ ಸಹಜ ಕುಳಿಗಳೇ ನಮ್ಮನ್ನು ಸಾಕಷ್ಟು ಕಾಡುತ್ತವೆ, ಅದರ ಜೊತೆ ಇದೂ ಸೇರಿದರೆ ಓದು ದಾರಿ ತಪ್ಪುತ್ತದೆ. ಪರೀಕ್ಷೆ ಸುಲಭ. ಕ್ಯಾಮೆರಾವನ್ನು ಸ್ವಲ್ಪ ಸರಿಸಿ ಇನ್ನೊಂದು ಚಿತ್ರ ತೆಗೆಯಿರಿ. ಚುಕ್ಕೆ ಚೌಕಟ್ಟಿನ ಅದೇ ಜಾಗದಲ್ಲಿ ನಿಂತರೆ ಧೂಳು, ಅಕ್ಷರದ ಜೊತೆ ಸರಿದರೆ ಕಲ್ಲಿನದು. ಆಮೇಲೆ ಬೆಳಕಿನ ದಿಕ್ಕು ಬದಲಿಸಿ. ನೆರಳು ಪಕ್ಕ ಬದಲಿಸಿದರೆ ಅದು ಕುಳಿ, ಬದಲಿಸದಿದ್ದರೆ ಬಣ್ಣದ ಕಲೆ. ಕುಳಿಯೋ ಕೊರೆದದ್ದೋ ಎಂಬ ತೀರ್ಮಾನ ಮಾತ್ರ ಓದುವವನದು.

ಮೊಬೈಲ್ ಸಾಲದೇ?

ಸಾಲುತ್ತದೆ, ಇಲ್ಲದಿದ್ದಾಗ. ಕಲ್ಲು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದು ತಿಳಿಸಲು ಮೊಬೈಲ್ ಚಿತ್ರ ಧಾರಾಳ ಸಾಕು. ಓದಿನ ಆಧಾರವಾಗಿ ಇಡುವಾಗ ನನಗೆ ಹಿಂಜರಿಕೆ. ಮೊಬೈಲು ಚಿತ್ರವನ್ನು ಇದ್ದ ಹಾಗೆ ಕೊಡುವುದಿಲ್ಲ. ಹಲವು ಚಿತ್ರ ಬೆರೆಸಿ, ಗೊಜಲನ್ನು ನುಣುಪು ಮಾಡಿ, ಅಂಚುಗಳನ್ನು ಚೂಪು ಮಾಡಿ ಕೊಡುತ್ತದೆ. ನುಣುಪು ಮಾಡುವಾಗ ಸವೆದ ಗೀರು ಮಾಯವಾಗಬಹುದು, ಚೂಪು ಮಾಡುವಾಗ ಇಲ್ಲದ ಗೀರು ಹುಟ್ಟಬಹುದು. ದೀರ್ಘವೋ ಹ್ರಸ್ವವೋ ಎಂಬುದು ಒಂದು ಸಣ್ಣ ಗೆರೆಯ ಮೇಲೆ ನಿಂತಿರುವಾಗ ಅದು ಕಲ್ಲಿನದೋ ಸಾಫ್ಟ್‌ವೇರಿನದೋ ಗೊತ್ತಿರಬೇಕು. ಮೊಬೈಲೇ ಆದರೂ ರಾ ಕಡತ ಉಳಿಸುವ ಸೌಲಭ್ಯವಿದ್ದರೆ ಅದನ್ನೇ ಬಳಸಿ. ಕ್ಯಾಮೆರಾದಲ್ಲೂ ಈ ಮಾತು ಅನ್ವಯ.

ನನ್ನ ಆಯ್ಕೆ

ಇಷ್ಟೆಲ್ಲ ಹೇಳಿ ನೀನೇನು ಒಯ್ಯುತ್ತೀ ಅಂದರೆ, ಈ ಎರಡು ತಾಲ್ಲೂಕಿಗೆ ಮೈಕ್ರೋ ಫೋರ್ ಥರ್ಡ್ಸ್ ಅಥವಾ ಎಪಿಎಸ್-ಸಿ, ಕಿಂಡಿ ಇರುವ ಬಾಡಿ, 30 ಮಿ.ಮೀ. ಮ್ಯಾಕ್ರೋ, ಒಂದು ಟ್ರೈಪಾಡ್, ಒಂದು ಟಾರ್ಚ್, ಅಳತೆಪಟ್ಟಿ, ಎರಡು ಬ್ಯಾಟರಿ, ಎರಡು ಲೀಟರ್ ನೀರು. ಗುಡಿಗಳ ಒಳಗಿನ ಕೆಲಸವೇ ಹೆಚ್ಚಿರುವವರು, ಟ್ರೈಪಾಡ್‌ಗೆ ಅವಕಾಶ ಸಿಗದವರು ಫುಲ್ ಫ್ರೇಮ್ ಜೊತೆ ಪುಟ್ಟ ಲೆನ್ಸುಗಳನ್ನು ಇಟ್ಟುಕೊಂಡರೆ 300 ಗ್ರಾಂ ಹೆಚ್ಚು ಹೊತ್ತರೂ ನಷ್ಟವಿಲ್ಲ. ಕೈಯಲ್ಲಿ ಇರುವ ಹತ್ತು ವರ್ಷದ ಹಳೆಯ ಕ್ಯಾಮೆರಾ ಸರಿಯಿದ್ದರೆ ಹೊಸದು ಕೊಳ್ಳುವ ದುಡ್ಡಲ್ಲಿ ಒಳ್ಳೆ ಟ್ರೈಪಾಡ್ ತೆಗೆದುಕೊಳ್ಳಿ.

ಪಡಿಯಚ್ಚಿನ ಜಾಗವನ್ನು ಇದು ತುಂಬುತ್ತದೆ ಎಂದು ನಾನು ಹೇಳುತ್ತಿಲ್ಲ. ನುರಿತ ಕೈ ತೆಗೆದ ಪಡಿಯಚ್ಚು ಅಕ್ಷರವನ್ನು ಅದರದೇ ಅಳತೆಯಲ್ಲಿ ಕೊಡುತ್ತದೆ. ಆದರೆ ಅದಕ್ಕೆ ಕಲ್ಲನ್ನು ತೊಳೆಯಬೇಕು, ಬ್ರಷ್‌ನಿಂದ ಬಡಿಯಬೇಕು, ಮಸಿ ಬೇಕು, ಅನುಮತಿ ಬೇಕು. ಚಿತ್ರಕ್ಕೆ ಕಲ್ಲನ್ನು ಮುಟ್ಟುವ ಅಗತ್ಯವೇ ಇಲ್ಲ. ಹಾಗಾಗಿ ಅಕ್ಷರ ಎದ್ದು ಕಾಣಲಿ ಎಂದು ಸೀಮೆಸುಣ್ಣ ತೀಡುವುದು, ಎಣ್ಣೆ ಸವರುವುದು ಬೇಡವೇ ಬೇಡ. ಸೀಮೆಸುಣ್ಣ ತೀಡಿದರೆ ಚಿತ್ರದಲ್ಲಿ ಬರುವುದು ತೀಡಿದವನ ಓದು, ಕಲ್ಲಿನ ಅಕ್ಷರವಲ್ಲ.

ಮನೆಗೆ ಬಂದ ಮೇಲೆ ಅರ್ಧ ಗಂಟೆ ಎತ್ತಿಡಿ. ಕಡತಕ್ಕೆ ಊರು, ಹೊಲ ಅಥವಾ ಗುಡಿಯ ಗುರುತು, ಕಲ್ಲಿನ ಮುಖದ ದಿಕ್ಕು, ದಿನಾಂಕ, ಬೆಳಕು ಯಾವ ಕಡೆಯಿಂದ ಬಿತ್ತು ಎಂಬುದನ್ನು ಬರೆದಿಡಿ. 11ನೇ ಸಂಪುಟದಲ್ಲಿ ಸೇರಿದ ಶಾಸನವಾದರೆ ತಾಲ್ಲೂಕಿನ ಹೆಸರು ಮತ್ತು ಅಲ್ಲಿನ ಸಂಖ್ಯೆ. ಒಂದು ಪ್ರತಿ ನಿಮ್ಮಲ್ಲಿ, ಒಂದು ಪ್ರತಿ ಬೇರೆ ಊರಿನ ಇನ್ನೊಬ್ಬರಲ್ಲಿ ಇರಲಿ. ಬೆಂಗಳೂರಿನ ಮಿಥಿಕ್ ಸೊಸೈಟಿಯ ಶಾಸನಗಳ 3ಡಿ ಸಂರಕ್ಷಣಾ ಯೋಜನೆ ಬೆಂಗಳೂರು ಸುತ್ತಿನ ಕಲ್ಲುಗಳಿಗೆ ಮಾಡುತ್ತಿರುವಂಥ ಕೆಲಸ ನಮ್ಮ ಬಯಲುಸೀಮೆಯ ಹೊಲಗಳಿಗೆ ಬರುವವರೆಗೆ ಈ ಕಲ್ಲುಗಳ ದಾಖಲೆ ನಮ್ಮ ನಿಮ್ಮ ಚೀಲದಲ್ಲೇ ಇದೆ. ಮುಂಗಾರಿಗೆ ಶೇಂಗಾ ಬಿತ್ತಿದ ಮೇಲೆ ಹೊಲದ ಒಳಗೆ ಹೋಗುವುದು ಕಷ್ಟ. ಸುಗ್ಗಿ ಮುಗಿದ ಮೇಲೆ, ಚಳಿಗಾಲದ ಬೆಳಗಿನಲ್ಲಿ, ಹೊಲದವರಿಗೆ ಒಂದು ಮಾತು ಹೇಳಿ ಹೊರಡಿ.